ನಾದೂದು ತ್ರಾಸ, ಬಡಿಯೂದಲ್ಲ

ಎಂಜಿನಿಯರಿಂಗ್ ಕೊನೆಯ ವರ್ಷದ ಮಾರ್ಚ್ ತಿಂಗಳು. ರಾಯಾಪುರ ಕೈಗಾರಿಕಾ ವಸಾಹತಿನ ಒಂದು ವರ್ಕ್‌ಶಾಪಿನಿಂದ 38 ಕಿಲೊ ತೂಕದ ಯಂತ್ರವೊಂದನ್ನು ಟಂಟಂ ಗಾಡಿಗೆ ಏರಿಸಿಕೊಂಡು ನಾವು ಮೂವರು ಗೆಳೆಯರು ಧಾರವಾಡದ ಕಡೆ ಹೊರಟಿದ್ದೆವು. ಜೋಳದ ರೊಟ್ಟಿ ಒತ್ತುವ ಯಂತ್ರ ಅದು. ಎರಡು ದುಂಡನೆಯ ತಟ್ಟೆ, ನಡುವೆ ಹಿಟ್ಟಿನ ಉಂಡಿ, ಮೇಲೆ ಉದ್ದನೆಯ ಹಿಡಿಕೆ. ಹಿಡಿಕೆ ಎಳೆದರೆ ರೊಟ್ಟಿ. ಕಾಲೇಜಿನ ಲ್ಯಾಬಿನಲ್ಲಿ ಅದು ಚೆಂದವಾಗಿಯೇ ಒತ್ತಿತ್ತು, ನಮ್ಮ ಗೈಡ್ ಬೆನ್ನು ತಟ್ಟಿದ್ದರು. ಈಗ ಖಾನಾವಳಿಯೊಂದರ ಹಿಂಬಾಗಿಲಲ್ಲಿ ಅದನ್ನು ಇಳಿಸಿದಾಗ, ಒಲೆ ಮುಂದೆ ಕುಳಿತಿದ್ದ ಅಕ್ಕ ಒಮ್ಮೆ ಅದರ ಸುತ್ತ ಕಣ್ಣು ಹಾಯಿಸಿ ಕೇಳಿದ ಮೊದಲ ಪ್ರಶ್ನೆ, "ಇದನ್ನ ಎಲ್ಲಿ ಇಡೂದು ತಮ್ಮಾ? ನಾವು ನೆಲದ ಮ್ಯಾಲ ಕುಂತು ಬಡಿತೀವಿ."

ನಮ್ಮ ಯಂತ್ರ ಟೇಬಲ್ಲಿನ ಎತ್ತರಕ್ಕೆ ಮಾಡಿದ್ದು. ಆ ಅಡುಗೆಮನೆಯಲ್ಲಿ ಟೇಬಲ್ಲೇ ಇರಲಿಲ್ಲ.

ಕೊನೆಗೆ ನೆಲದ ಮೇಲೆಯೇ ಇಟ್ಟೆವು. ಅಕ್ಕ ತಾವೇ ನಾದಿದ ಹಿಟ್ಟಿನಿಂದ ಒಂದು ಉಂಡಿ ಹರಿದು ಕೊಟ್ಟರು. ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ಹಾಳೆ ಇಟ್ಟು ಹಿಡಿಕೆ ಎಳೆದೆ. ರೊಟ್ಟಿ ಬಂತು. ಅಂಚು ಮಾತ್ರ ಸುತ್ತಲೂ ಒಡೆದು ಬೇಸಿಗೆಯ ಕೆರೆಯಂಗಳದ ಹಾಗೆ ಕಾಣುತ್ತಿತ್ತು. ಹಾಳೆಯಿಂದ ಬಿಡಿಸಲು ಹೋದರೆ ಕೈಯಲ್ಲೇ ಎರಡು ಹೋಳು. ಇನ್ನೊಂದು, ಮತ್ತೊಂದು. ಆರನೆಯದು ಇಡಿಯಾಗಿ ಹಂಚಿಗೆ ಬಿತ್ತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಇನ್ನೊಬ್ಬ ಹೆಣ್ಣುಮಗಳು ಮಾತಾಡದೆ ಹದಿನಾಲ್ಕು ರೊಟ್ಟಿ ಬಡಿದು ಮುಗಿಸಿದ್ದಳು.

ಲ್ಯಾಬಿನಲ್ಲಿ ಕೆಲಸ ಮಾಡಿದ್ದು ಇಲ್ಲಿ ಯಾಕೆ ಮಾಡಲಿಲ್ಲ ಎಂಬುದು ನನಗೆ ಗೊತ್ತಾದದ್ದು ಆ ಒಲೆಯ ಮುಂದೆಯೇ. ಗೋಧಿಯಲ್ಲಿ ಗ್ಲುಟನ್ ಇದೆ, ಹಿಟ್ಟು ರಬ್ಬರಿನ ಹಾಗೆ ಹಿಗ್ಗುತ್ತದೆ. ಜೋಳದಲ್ಲಿ ಅದಿಲ್ಲ. ಜೋಳದ ಹಿಟ್ಟನ್ನು ಹಿಡಿದಿಡುವುದು ಕುದಿಯುವ ಎಸರು. ಬಿಸಿನೀರು ತಾಗಿದಾಗ ಪಿಷ್ಟ ಅರೆಬರೆ ಬೆಂದು ಅಂಟಾಗುತ್ತದೆ. ಅದಕ್ಕೇ ನಮ್ಮಲ್ಲಿ ಜಿಗಿ ಎನ್ನುವುದು. ಗಿರಣಿಯಿಂದ ಬಂದು ದಿನ ಕಳೆದ ಹಿಟ್ಟಿಗೆ ಜಿಗಿ ಕಡಿಮೆ, ನಾದಿ ಹೊತ್ತಾದ ಹಿಟ್ಟಿಗೆ ಇನ್ನೂ ಕಡಿಮೆ. ಲ್ಯಾಬಿನಲ್ಲಿ ನಾವು ಪ್ರತಿ ಉಂಡಿಯನ್ನೂ ಹೊಸದಾಗಿ, ಬೆಚ್ಚಗೆ, ತೂಕ ಮಾಡಿ ಇಟ್ಟಿದ್ದೆವು. ಖಾನಾವಳಿಯಲ್ಲಿ ಊಟದ ಹೊತ್ತಿನ ಗದ್ದಲದಲ್ಲಿ ಉಂಡಿ ಆರಿರುತ್ತದೆ, ದೊಡ್ಡದಿರುತ್ತದೆ, ಸಣ್ಣದಿರುತ್ತದೆ. ಕೈಗೆ ಅದು ತಿಳಿಯುತ್ತದೆ. ಒಡೆಯುವ ಅಂಚನ್ನು ಎಡಗೈ ಒತ್ತಿ ಕೂಡಿಸುತ್ತ ಹೋದಂತೆ ಬಲಗೈ ಬಡಿಯುತ್ತದೆ. ನಮ್ಮ ಯಂತ್ರಕ್ಕೆ ಎಡಗೈ ಇರಲಿಲ್ಲ.

ತಲೆ ತಗ್ಗಿಸಿ ಯಂತ್ರ ಒರೆಸುತ್ತಿದ್ದೆವು. ಅಕ್ಕ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ, ನಮ್ಮ ಕಡೆ ತಿರುಗದೆ ಹೇಳಿದರು. "ಬಡಿಯೂದು ನಮಗ ತ್ರಾಸ ಇಲ್ಲ ತಮ್ಮಾ. ಅದು ಕೈ ತಾನ ಮಾಡತೈತಿ. ನಾದೂದು ತ್ರಾಸ. ರಾತ್ರಿ ಮಲಗೂದ್ರಾಗ ರಟ್ಟಿ ಹಿಡಿತಾವು."

ಎಂಟು ತಿಂಗಳ ಕೆಲಸದಲ್ಲಿ ನಾವು ಈ ಪ್ರಶ್ನೆಯನ್ನೇ ಯಾರಿಗೂ ಕೇಳಿರಲಿಲ್ಲ. ರೊಟ್ಟಿ ಎಂದರೆ ಬಡಿಯುವ ಸದ್ದು. ಸದ್ದು ಇರುವ ಕಡೆಯೇ ಕಷ್ಟವೂ ಇದೆ ಎಂದು ನಾವೇ ಅಂದುಕೊಂಡಿದ್ದೆವು.

ಈಗ ಪ್ರತಿ ವರ್ಷ ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಿಂದ ಹುಡುಗ ಹುಡುಗಿಯರು ತಮ್ಮ ಹೊಸ ಉತ್ಪನ್ನದ ಕಲ್ಪನೆ ಹಿಡಿದುಕೊಂಡು ನನ್ನ ಬಳಿ ಬಂದು ಮಾತಾಡುತ್ತಾರೆ. ಅವರ ಉತ್ಸಾಹ ಕಂಡರೆ ನನಗೆ ಮನಸ್ಸು ತುಂಬುತ್ತದೆ. ಅವರಿಗೆ ಹೇಳಬೇಕಾದ್ದು ನನ್ನಲ್ಲಿ ಬಹಳ ಇಲ್ಲ. ಕ್ಯಾಂಪಸ್ಸಿನ ಗೇಟು ದಾಟಿ, ನಿಮ್ಮ ವಸ್ತುವನ್ನು ಬಳಸಬೇಕಾದವರ ಕೈಗೆ ಅದನ್ನು ಬೇಗ ಕೊಡಿ, ಅರೆಬರೆ ಇರುವಾಗಲೇ ಕೊಡಿ, ಕೊಟ್ಟು ಸುಮ್ಮನೆ ನಿಂತು ನೋಡಿ. ಇಷ್ಟೇ. ಆದರೆ ಈ ಇಷ್ಟಕ್ಕೆ ನಮ್ಮ ಪಠ್ಯಕ್ರಮದಲ್ಲಿ, ಸ್ಪರ್ಧೆಗಳಲ್ಲಿ, ಅಂಕಪಟ್ಟಿಯಲ್ಲಿ ಜಾಗ ಎಷ್ಟು ಕಡಿಮೆ ಎಂಬುದೇ ನನ್ನ ಸಂಕಟ.

ಹೀಗೆ ಕೊಟ್ಟು ನೋಡುವ ಜಾಗ ಮಾತ್ರ ನಮಗೆ ದೇವರು ಕೊಟ್ಟ ಹಾಗೆ ಒದಗಿದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತು ನೋಡಿ. ವಿದ್ಯಾನಗರದ ಬಿವಿಬಿ ಕಾಲೇಜು, ಉಣಕಲ್ ಕೆರೆ, ಎಪಿಎಂಸಿ, ನವನಗರ, ಇಸ್ಕಾನ್, ರಾಯಾಪುರ, ಕೆಎಂಎಫ್, ನವಲೂರು, ಸತ್ತೂರು, ಆಮೇಲೆ ಧಾರವಾಡ. ಒಂದೇ ಟಿಕೆಟ್ಟಿನ ದಾರಿಯಲ್ಲಿ ಕಲಿಸುವ ಕಾಲೇಜು, ರೈತ ಮಾಲು ತರುವ ಮಾರುಕಟ್ಟೆ, ಹಾಲಿನ ಡೇರಿ, ಆಸ್ಪತ್ರೆ, ಕಬ್ಬಿಣ ಕೊರೆಯುವ ವರ್ಕ್‌ಶಾಪು ಎಲ್ಲ ಇವೆ. ರಾಯಾಪುರದಲ್ಲೇ ಇಳಿದರೆ ವಿದ್ಯುತ್ ಮೋಟರ್ ಮಾಡುವ ಎನ್‌ಜಿಇಎಫ್ (ಹುಬ್ಬಳ್ಳಿ) ಕಾರ್ಖಾನೆ ಇದೆ, ಸಣ್ಣ ಉದ್ದಿಮೆ ಮಾಡುವವರು ಕಾಗದಪತ್ರ ಹಿಡಿದು ಹೋಗುವ ಜಿಲ್ಲಾ ಕೈಗಾರಿಕಾ ಕೇಂದ್ರ ಇದೆ, ಲಕ್ಷಕ್ಕೂ ಮೀರಿದ ಶಾಲೆ ಮಕ್ಕಳಿಗೆ ಬಿಸಿಯೂಟ ಬೇಯಿಸುವ ಅಕ್ಷಯಪಾತ್ರದ ಅಡುಗೆಮನೆ ಇದೆ. ನಮ್ಮ ಕಾಲಕ್ಕೆ ಚಿಗರಿ ಇರಲಿಲ್ಲ, ಬೇಂದ್ರೆ ಬಸ್ಸಿನಲ್ಲಿ ಜೋತಾಡಿಕೊಂಡು ಬರುತ್ತಿದ್ದೆವು. ದಾರಿ ಇದೇ.

ರಾಯಾಪುರದ ವರ್ಕ್‌ಶಾಪಿನ ಮಿಸ್ತ್ರಿಯಿಂದ ನಾನು ಕಲಿತದ್ದನ್ನು ಹೇಳಲೇಬೇಕು. ತಟ್ಟೆಯ ಡ್ರಾಯಿಂಗ್ ಕೊಟ್ಟಾಗ ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಪ್ರತಿ ಅಳತೆಯ ಮುಂದೆಯೂ ನಾವು ಮಿಲಿಮೀಟರಿನ ನೂರನೆಯ ಒಂದು ಭಾಗದ ಟಾಲರೆನ್ಸ್ ಬರೆದಿದ್ದೆವು. ಕಂಪ್ಯೂಟರಿನಲ್ಲಿ ಹಾಗೆ ಬರೆಯಲು ಖರ್ಚಿಲ್ಲವಲ್ಲ. "ರೊಟ್ಟಿ ಎಷ್ಟು ದಪ್ಪ ಬೇಕು?" ಎಂದರು. ಎರಡು ಮಿಲಿಮೀಟರ್ ಎಂದೆವು. "ಅದರಾಗ ಕೂದಲೆಳಿಯಷ್ಟು ಹೆಚ್ಚು ಕಡಿಮಿ ಆದ್ರ ತಿನ್ನಾವ್ರಿಗೆ ಗೊತ್ತಾಗತೈತೇನು?" ಎರಡು ತಟ್ಟೆಗಳು ಸಮಾಂತರವಾಗಿ ಕೂಡುವ ಕಡೆ ಮಾತ್ರ ನಿಖರತೆ ಬೇಕು, ಉಳಿದೆಡೆ ಬೇಡ ಎಂದು ಪೆನ್ಸಿಲ್ಲಿನಿಂದ ಒಂದೊಂದೇ ಅಳತೆ ಹೊಡೆದು ಹಾಕಿದರು. ಅರ್ಧದಷ್ಟು ಮಜೂರಿ ಅಲ್ಲೇ ಇಳಿಯಿತು. ಆಹಾರ ತಾಗುವ ಭಾಗಕ್ಕೆ ಸಾದಾ ಉಕ್ಕು ಬೇಡ, 304 ದರ್ಜೆಯ ಸ್ಟೀಲ್ ಹಾಕಿ ಎಂದರು. ವೆಲ್ಡಿಂಗಿನ ಮೂಲೆಯಲ್ಲಿ ಹಿಟ್ಟು ಸಿಕ್ಕಿಕೊಂಡರೆ ಮರುದಿನ ವಾಸನೆ ಬರುತ್ತದೆ, ಮೂಲೆ ದುಂಡಗಿರಲಿ ಎಂದರು. ನಾಲ್ಕು ವರ್ಷದ ತರಗತಿಯಲ್ಲಿ ಡಿಸೈನ್ ಎಂಬ ಪದ ನೂರು ಸಲ ಕೇಳಿದ್ದೆ. ಅದು ಏನೆಂದು ಕಂಡದ್ದು ಆ ಪೆನ್ಸಿಲ್ಲಿನ ತುದಿಯಲ್ಲಿ.

ಆದರೂ ನಾವು ಅವರ ಬಳಿ ಹೋದದ್ದು ತಡವಾಗಿ. ಉಕ್ಕಿನ ಯಂತ್ರಕ್ಕೆ ಮೊದಲು ಎರಡು ಮರದ ಹಲಗೆ, ಒಂದು ಬಾಗಿಲ ಬಿಜಾಗರಿ ಸಾಕಿತ್ತು. ಅದನ್ನು ಹಿಡಿದುಕೊಂಡು ಖಾನಾವಳಿಗೆ ಹೋಗಿದ್ದರೆ ಆ ಅಕ್ಕ ಅದೇ ಮಾತು ಹೇಳುತ್ತಿದ್ದರು. ಎಂಟು ತಿಂಗಳ ಬದಲು ಎಂಟು ದಿನಕ್ಕೆ, ಸಾವಿರಗಟ್ಟಲೆ ರೂಪಾಯಿಯ ಬದಲು ನೂರು ರೂಪಾಯಿಗೆ.

ಮೊಬೈಲ್ ಆ್ಯಪ್ ಮಾಡುವವರಿಗೂ ಈ ಮಾತು ಸಲ್ಲುತ್ತದೆ. 1980ರ ದಶಕದ ಆರಂಭದಲ್ಲಿ ಐಬಿಎಂ ಸಂಶೋಧಕರಿಗೆ ಒಂದು ಪ್ರಶ್ನೆ ಇತ್ತು. ಹೇಳಿದ್ದನ್ನು ತಾನೇ ಬೆರಳಚ್ಚು ಮಾಡುವ ಯಂತ್ರ ಬಂದರೆ ಜನ ಅದನ್ನು ಬಳಸುತ್ತಾರೆಯೇ? ಅಂಥ ಯಂತ್ರ ಮಾಡುವ ತಂತ್ರಜ್ಞಾನ ಇನ್ನೂ ಇರಲಿಲ್ಲ. ಅವರು ಪಕ್ಕದ ಕೋಣೆಯಲ್ಲಿ ಒಬ್ಬ ಟೈಪಿಸ್ಟನ್ನು ಕೂರಿಸಿದರು. ಈ ಕೋಣೆಯಲ್ಲಿದ್ದವರು ಮೈಕಿನಲ್ಲಿ ಮಾತಾಡಿದಂತೆ ಪರದೆಯ ಮೇಲೆ ಅಕ್ಷರ ಮೂಡುತ್ತಿತ್ತು. ಯಂತ್ರ ಹುಟ್ಟುವ ಮೊದಲೇ ಅದರ ಪರೀಕ್ಷೆ ಮುಗಿಯಿತು. ಟ್ರ್ಯಾಕ್ಟರ್ ಬಾಡಿಗೆಗೆ ಕೊಡಿಸುವ ಆ್ಯಪ್ ಮಾಡಬೇಕೆಂದು ಬಂದ ಇಬ್ಬರು ವಿದ್ಯಾರ್ಥಿನಿಯರಿಗೆ ನಾನು ಇದನ್ನೇ ಹೇಳಿದೆ. ಆ್ಯಪ್ ಆಮೇಲೆ ಇರಲಿ. ಒಂದು ಮೊಬೈಲ್ ನಂಬರು, ಒಂದು ಇನ್ನೂರು ಪುಟದ ನೋಟ್‌ಬುಕ್ಕು ಇಟ್ಟುಕೊಂಡು ಒಂದು ಊರಿನಲ್ಲಿ ಎರಡು ವಾರ ನೀವೇ ಟ್ರ್ಯಾಕ್ಟರ್ ಹೊಂದಿಸಿಕೊಡಿ. ಅವರು ಮಾಡಿದರು. ಬಾಡಿಗೆ ದರ ರೈತರಿಗೆ ಮೊದಲೇ ಗೊತ್ತಿತ್ತು, ಅದು ತೊಡಕೇ ಆಗಿರಲಿಲ್ಲ. ಮಳೆ ಬಿದ್ದ ಮೂರನೆಯ ದಿನ ಊರಿನ ಎಲ್ಲರಿಗೂ ಒಟ್ಟಿಗೆ ಟ್ರ್ಯಾಕ್ಟರ್ ಬೇಕು, ಸರದಿ ಯಾರದು ಎಂಬುದೇ ಜಗಳ. ಅವರು ಬರೆಯಲಿದ್ದ ಆ್ಯಪ್ಪಿನಲ್ಲಿ ಸರದಿಗೆ ಒಂದು ಪುಟವೂ ಇರಲಿಲ್ಲ.

ಸಮೀಕ್ಷೆಯ ವಿಷಯಕ್ಕೆ ಬರುತ್ತೇನೆ. ಪ್ರತಿ ಪ್ರಾಜೆಕ್ಟ್ ವರದಿಯ ಎರಡನೆಯ ಅಧ್ಯಾಯದಲ್ಲಿ ಗೂಗಲ್ ಫಾರ್ಮ್ ಇರುತ್ತದೆ, ದುಂಡನೆಯ ಬಣ್ಣದ ಚಿತ್ರ ಇರುತ್ತದೆ. ನಾವೂ 60 ಜನರಿಗೆ ಕೇಳಿದ್ದೆವು, 54 ಜನ "ಇಂಥ ಯಂತ್ರ ಬಂದರೆ ಕೊಳ್ಳುತ್ತೇವೆ" ಎಂದಿದ್ದರು. ಅವರು ಸುಳ್ಳು ಹೇಳಲಿಲ್ಲ. ನಮ್ಮ ಕಡೆ ಮಂದಿ ಮನೆಗೆ ಬಂದ ಹುಡುಗರ ಮನಸ್ಸು ನೋಯಿಸುವುದಿಲ್ಲ. ಚಹಾ ಕೊಟ್ಟು, "ಛಲೋ ಐತಿ ತಮ್ಮಾ, ಛಲೋ ಮಾಡೀರಿ" ಎಂದು ಕಳಿಸುತ್ತಾರೆ. ಆ ದೊಡ್ಡಗುಣ ಬದುಕಿಗೆ ಬೇಕು, ಆದರೆ ಉತ್ಪನ್ನದ ಪರೀಕ್ಷೆಗೆ ಅದು ಪರದೆಯಾಗುತ್ತದೆ. ಮುಂದೆ ಏನು ಮಾಡುತ್ತೀರಿ ಎಂದು ಕೇಳಿದರೆ ಸಿಗುವುದು ಹಾರೈಕೆ. ಹೋದ ವಾರ ಏನು ಮಾಡಿದಿರಿ, ಎಷ್ಟು ಹೊತ್ತು ಹಿಡಿಯಿತು, ಎಷ್ಟು ದುಡ್ಡು ಹೋಯಿತು, ಎಲ್ಲಿ ನೋವಾಯಿತು ಎಂದು ಕೇಳಿದರೆ ಸಿಗುವುದು ಸಂಗತಿ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2011ರಲ್ಲಿ ಶುರು ಮಾಡಿದ ಐ-ಕೋರ್ ತರಬೇತಿಯಲ್ಲಿ ಪ್ರತಿ ತಂಡವೂ ಏಳು ವಾರಗಳಲ್ಲಿ ನೂರರಷ್ಟು ಜನರನ್ನು ಮುಖಾಮುಖಿ ಕಂಡು ಮಾತಾಡಬೇಕು. ಅಲ್ಲಿ ತಮ್ಮ ವಸ್ತುವನ್ನು ಮಾರಲು ಹೋಗುವಂತಿಲ್ಲ, ಕೇಳಲು ಹೋಗಬೇಕು. ನೂರು ಎಂಬ ಸಂಖ್ಯೆ ಕೇಳಿ ಹುಡುಗರು ಗಾಬರಿಯಾಗುತ್ತಾರೆ. ಅಮರಗೋಳದ ಎಪಿಎಂಸಿಯಲ್ಲಿ ಒಂದು ಮುಂಜಾನೆ ನಿಂತರೆ ಇಪ್ಪತ್ತು ಜನ ಮಾತಿಗೆ ಸಿಗುತ್ತಾರೆ.

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಇನ್ನೂ ದೊಡ್ಡ ಅಂಗಳ. ಸೆಪ್ಟೆಂಬರಿನ ಆ ನಾಲ್ಕು ದಿನ ಬೆಳಗಾವಿ, ಗದಗ, ಹಾವೇರಿ, ಬಾಗಲಕೋಟೆಗಳಿಂದ ಟ್ರ್ಯಾಕ್ಸುಗಳಲ್ಲಿ ರೈತರು ಬರುತ್ತಾರೆ. ಮಳಿಗೆಯಲ್ಲಿ ನಿಂತ ವಿದ್ಯಾರ್ಥಿಗಳಿಗೆ ನಾನು ಹೇಳುವುದು, ಮೆಚ್ಚಿದವರನ್ನು ಎಣಿಸಬೇಡಿ. ನೋಡಿ ಹೋದವನು ಒಂದು ತಾಸಿನ ನಂತರ ತನ್ನ ಅಣ್ಣನನ್ನೋ ಹೆಂಡತಿಯನ್ನೋ ಕರೆದುಕೊಂಡು ಮರಳಿ ಬಂದರೆ ಅವನನ್ನು ಎಣಿಸಿ. ಯಂತ್ರದ ಮುಂದೆ ನಿಮ್ಮನ್ನು ಬಿಟ್ಟು ಅವರಿಬ್ಬರೇ ಮಾತಾಡಿಕೊಳ್ಳುತ್ತಾರಲ್ಲ, ಆ ಮಾತು ಕೇಳಿಸಿಕೊಳ್ಳಿ.

ನಮ್ಮ ಊರಿನ ಕಾಲೇಜುಗಳು ಏನೂ ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. 1947ರಲ್ಲಿ ಶುರುವಾದ ಬಿವಿಬಿ ಕಾಲೇಜು 2015ರಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಅದಕ್ಕೆ ಮೊದಲೇ 2012ರಲ್ಲಿ ಅಲ್ಲಿ ಉದ್ಯಮಶೀಲತೆಗೆಂದೇ ಒಂದು ಕೇಂದ್ರ ತೆರೆದಿತ್ತು. ಹುಬ್ಬಳ್ಳಿಯಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆ ಅವರು ಜಯಶ್ರೀ ದೇಶಪಾಂಡೆ ಅವರೊಂದಿಗೆ 2002ರಲ್ಲಿ ದೊಡ್ಡ ಮೊತ್ತ ಕೊಟ್ಟು ಅಮೆರಿಕದ ಎಂಐಟಿಯಲ್ಲಿ ಒಂದು ಕೇಂದ್ರ ಕಟ್ಟಿದರು. ಪ್ರಯೋಗಾಲಯದ ಕಲ್ಪನೆ ಮಾರುಕಟ್ಟೆಗೆ ಹೋಗುವ ಮೊದಲ ಹೆಜ್ಜೆಗೆ ಹಣ ಕೊಡುವುದು ಅದರ ಕೆಲಸ. ಅದೇ ಮನಸ್ಸು ಹುಬ್ಬಳ್ಳಿಗೂ ಬಂತು. ದೇಶಪಾಂಡೆ ಫೌಂಡೇಶನ್ನಿನ 'ಲೀಡ್' ಕಾರ್ಯಕ್ರಮದಲ್ಲಿ ಸಾವಿರಾರು ವಿದ್ಯಾರ್ಥಿಗಳು ತಮ್ಮ ಊರಿನ ಒಂದು ತೊಂದರೆ ಹಿಡಿದು, ಸಣ್ಣ ಮೊತ್ತದಲ್ಲಿ ಅದಕ್ಕೆ ಉತ್ತರ ಹುಡುಕಿದ್ದಾರೆ. ರಾಜ್ಯ ಸರ್ಕಾರದ 'ನೈನ್' ಯೋಜನೆ ಬೆಂಗಳೂರಿನ ಹೊರಗಿನ ಕಾಲೇಜುಗಳ ವಿದ್ಯಾರ್ಥಿ ತಂಡಗಳಿಗೆ ಪ್ರಾಜೆಕ್ಟ್ ಒಂದಕ್ಕೆ 3 ಲಕ್ಷ ರೂಪಾಯಿವರೆಗೆ ಕೊಡುವ ವ್ಯವಸ್ಥೆ ಮಾಡಿತು. ನಮ್ಮ ಕಾಲದಲ್ಲಿ ತಟ್ಟೆಯ ಉಕ್ಕಿಗೆ ಹಾಸ್ಟೆಲ್ ಮೆಸ್ಸಿನ ದುಡ್ಡು ಉಳಿಸಿದ್ದು ನೆನಪಾದರೆ ಇವೆಲ್ಲ ದೊಡ್ಡ ಅನುಕೂಲಗಳೇ.

ಕೊರತೆ ಇರುವುದು ಕ್ಯಾಲೆಂಡರಿನಲ್ಲಿ. ಪ್ರಾಜೆಕ್ಟ್ ಆಗಸ್ಟಿನಲ್ಲಿ ಶುರು, ಮೇ ತಿಂಗಳಲ್ಲಿ ಮೌಖಿಕ ಪರೀಕ್ಷೆ, ಜೂನ್‌ನಲ್ಲಿ ನೌಕರಿ. ಯಂತ್ರ ತಯಾರಾಗುವುದೇ ಮಾರ್ಚ್‌ನಲ್ಲಿ. ಜನರ ಕೈಗೆ ಅದು ಹೋದಾಗ ಮೊದಲ ಸುದ್ದಿ ಯಾವಾಗಲೂ ಕೆಟ್ಟದ್ದೇ ಇರುತ್ತದೆ. ಆ ಕೆಟ್ಟ ಸುದ್ದಿ ತಿದ್ದಿಕೊಂಡು ಎರಡನೆಯ ಸಲ ಮಾಡಲು ಸಮಯವಿಲ್ಲ, ಅದನ್ನು ವರದಿಯಲ್ಲಿ ಬರೆದರೆ ಅಂಕ ಹೋಗುತ್ತದೆ ಎಂಬ ಭಯ. ಹಾಗಾಗಿ ಹುಡುಗರು ಯಂತ್ರವನ್ನು ಹೊರಗೆ ಒಯ್ಯುವುದೇ ಇಲ್ಲ. ವೇದಿಕೆಯ ಮೇಲೆ ಒಮ್ಮೆ ತಿರುಗಿಸಿ, ಚಪ್ಪಾಳೆ ತಗೊಂಡು, ಡಿಪಾರ್ಟ್‌ಮೆಂಟಿನ ಸ್ಟೋರ್ ರೂಮಿಗೆ ಹಾಕುತ್ತಾರೆ. ಒಂದು ಪ್ರಾಜೆಕ್ಟಿಗೆ ಕೊಡುವ ನೂರು ಅಂಕದಲ್ಲಿ ನಲವತ್ತು, "ಬಳಸುವವರ ಕೈಯಲ್ಲಿ ಇದು ಎಲ್ಲಿ ಸೋತಿತು, ಅದರ ನಂತರ ನೀವು ಏನು ಬದಲಿಸಿದಿರಿ" ಎಂಬ ಒಂದೇ ಪ್ರಶ್ನೆಗೆ ಇರಲಿ ಎಂದು ನಾನು ಸಿಕ್ಕ ಪ್ರಾಧ್ಯಾಪಕರಿಗೆಲ್ಲ ಕೇಳಿಕೊಳ್ಳುತ್ತೇನೆ.

ಗದಗ ದಾರಿಯಲ್ಲಿರುವ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರನ್ನು ಯಾವ ಕ್ಯಾಲೆಂಡರೂ ಅವಸರಿಸಲಿಲ್ಲ. ರೈತರಾದ ಅವರು ಹುಣಸೆ ಬೆಳೆದರು. ಹಣ್ಣಿನಿಂದ ಬೀಜ ಬಿಡಿಸುವ ಕೂಲಿಯೇ ದೊಡ್ಡ ಹೊರೆ ಎಂದು ಕಂಡಾಗ ಬೀಜ ಬೇರ್ಪಡಿಸುವ ಯಂತ್ರಕ್ಕೆ ಕೈ ಹಾಕಿದರು. ವರ್ಷಗಟ್ಟಲೆ ಮಾಡಿದರು, ಮುರಿದರು, ಮತ್ತೆ ಮಾಡಿದರು. ಸಾಲ ಅವರನ್ನು ಬಿಡಲಿಲ್ಲ, ಅವರು ಯಂತ್ರವನ್ನು ಬಿಡಲಿಲ್ಲ. ಆಮೇಲೆ ಬೀಜ ಮತ್ತು ಗೊಬ್ಬರ ಒಟ್ಟಿಗೆ ಬಿತ್ತುವ ಕೂರಿಗೆ, ಕಬ್ಬು ನೆಡುವ ಯಂತ್ರ, ನೀರು ಕಾಯಿಸುವ ಬಾಯ್ಲರ್ ಬಂದವು. 2015ರಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನದ ಜೀವಮಾನದ ಪ್ರಶಸ್ತಿ, 2022ರಲ್ಲಿ ಪದ್ಮಶ್ರೀ. ಅವರ ಅನುಕೂಲ ಒಂದೇ ಇತ್ತು ಎಂದು ನನಗೆ ಅನಿಸುತ್ತದೆ. ಯಂತ್ರ ಮಾಡುವವನೂ ಅದನ್ನು ಬಳಸುವವನೂ ಒಬ್ಬನೇ ಆಗಿದ್ದ. ಹೊಲವೇ ಪ್ರಯೋಗಾಲಯ, ನೆರೆಹೊಲದವನೇ ಪರೀಕ್ಷಕ. ಕೂರಿಗೆ ಕಾಳು ಸರಿಯಾಗಿ ಬಿಡದಿದ್ದರೆ ಎಂಟು ದಿನಕ್ಕೆ ಮೊಳಕೆಯ ಸಾಲಿನಲ್ಲೇ ಗೊತ್ತಾಗುತ್ತದೆ, ಯಾರೂ ಫಾರ್ಮ್ ತುಂಬಬೇಕಿಲ್ಲ.

ಪರೀಕ್ಷೆ ಎಷ್ಟು ಕಟ್ಟುನಿಟ್ಟಾಗಿ ಇರಬಹುದು ಎಂದು ನೋಡಬೇಕಾದವರು ಹುಬ್ಬಳ್ಳಿಯ ಬೆಂಗೇರಿಗೆ ಹೋಗಬೇಕು. 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ರಾಷ್ಟ್ರಧ್ವಜ ಹೊಲಿಯುತ್ತದೆ. ನಮ್ಮ ದೇಶದ ಮಾನಕಗಳ ಪಟ್ಟಿಯಲ್ಲಿ ಮೊಟ್ಟಮೊದಲನೆಯದು, ಐಎಸ್ 1, ಧ್ವಜಕ್ಕೇ ಬರೆದದ್ದು. ನೂಲಿನ ಬಲ, ನೇಯ್ಗೆಯ ಎಳೆ, ಬಣ್ಣದ ಗಟ್ಟಿತನ, ಚಕ್ರದ ಅಚ್ಚು, ಹೊಲಿಗೆ, ಹಗ್ಗ ಎಲ್ಲಕ್ಕೂ ಅಳತೆ ಉಂಟು, ಒಂದು ತಪ್ಪಿದರೂ ಮಾಲು ಹೊರಗೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅವರ ಅಳತೆಪಟ್ಟಿಯ ಶಿಸ್ತು ನಮ್ಮ ಪ್ರಾಜೆಕ್ಟ್ ಲ್ಯಾಬುಗಳಲ್ಲಿ ನಾನು ಕಂಡಿಲ್ಲ.

ತಿನ್ನುವ ಪದಾರ್ಥ ಮಾಡುವ ವಿದ್ಯಾರ್ಥಿಗಳು ಈಗ ಹೆಚ್ಚಾಗಿದ್ದಾರೆ. ಸಿರಿಧಾನ್ಯದ ಬಿಸ್ಕತ್ತು, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿ. ಸಣ್ಣ ವಹಿವಾಟಿಗೆ ಎಫ್‌ಎಸ್‌ಎಸ್‌ಎಐ ನೋಂದಣಿಯ ಶುಲ್ಕ ದೊಡ್ಡದಲ್ಲ, ಮಾಡಿಸಿಯೇ ಮಾರಬೇಕು. ರುಚಿ ನೋಡಿಸುವುದು ಸುಲಭ, ಹಾಸ್ಟೆಲ್ಲಿನಲ್ಲಿ ಬೇಕಾದಷ್ಟು ನಾಲಗೆ ಇವೆ. ನಿಜವಾದ ಪರೀಕ್ಷಕ ಏಪ್ರಿಲ್ ತಿಂಗಳ ಬಿಸಿಲು. ಕಿರಾಣಿ ಅಂಗಡಿಯವನು ಪ್ಯಾಕೆಟ್ಟುಗಳನ್ನು ಸರ ಮಾಡಿ ಬಾಗಿಲಲ್ಲೇ ತೂಗುಹಾಕುತ್ತಾನೆ. ಶೇಂಗಾದ ಎಣ್ಣೆಗೆ ಗಾಳಿ, ಬೆಳಕು, ಶಾಖ ಮೂರೂ ಸೇರಿದರೆ ಅದು ಬೇಗ ಕಮಟುತ್ತದೆ. ಫ್ರಿಜ್ಜಿನ ಪಕ್ಕದ ಕಪಾಟಿನಲ್ಲಿ ಮೂರು ತಿಂಗಳು ಉಳಿದದ್ದು ಬಾಗಿಲಲ್ಲಿ ಮೂರು ವಾರ ಉಳಿಯದೆ ಇರಬಹುದು. ಹತ್ತು ಪ್ಯಾಕೆಟ್ಟು ಅಂಥ ಅಂಗಡಿಯ ಬಾಗಿಲಲ್ಲೇ ತೂಗುಹಾಕಿ, ವಾರಕ್ಕೊಂದು ಒಡೆದು ಮೂಸಿ ನೋಡಿ, ತಾರೀಖು ಬರೆದಿಡಿ. ಆಮೇಲೆ ಲ್ಯಾಬಿನ ವರದಿ.

ಬೆಲೆಯ ಪರೀಕ್ಷೆಯನ್ನು ಹುಡುಗರು ಕೊನೆಗೆ ಇಡುತ್ತಾರೆ. ಅದನ್ನು ಮೊದಲೇ ಮಾಡಬೇಕು. ಅಮೆರಿಕದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಹರೀಶ್ ಹಂದೆ 1995ರಲ್ಲಿ ಸೆಲ್ಕೊ ಶುರು ಮಾಡಿ ಕರ್ನಾಟಕದ ಹಳ್ಳಿಗಳಿಗೆ ಸೌರ ದೀಪ ಒಯ್ದರು, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಅವರು ಹೇಳುತ್ತ ಬಂದ ಒಂದು ಪಾಠ ನನಗೆ ಬಹಳ ದೊಡ್ಡದು. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಕಟ್ಟುವುದು ಭಾರ, ದಿನಕ್ಕೆ 10 ರೂಪಾಯಿ ಕಟ್ಟುವುದು ಆಗುತ್ತದೆ. ಲೆಕ್ಕ ಒಂದೇ, ಆದರೆ ಅವರ ದುಡ್ಡು ಬರುವುದು ದಿನದ ಸಂತೆಯಿಂದ. ಅವರು ದೀಪದ ಜೊತೆ ಕಂತನ್ನೂ ವಿನ್ಯಾಸ ಮಾಡಬೇಕಾಯಿತು.

ಪೇಟೆಂಟಿನ ಬಗ್ಗೆ ಒಂದು ಮಾತು, ಯಾಕೆಂದರೆ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ನಿಮ್ಮ ಯಂತ್ರದಲ್ಲಿ ನಿಜವಾಗಿ ಹೊಸದೇನೋ ಇದ್ದರೆ ಮೇಳದಲ್ಲಿ, ಯೂಟ್ಯೂಬಿನಲ್ಲಿ ತೋರಿಸುವ ಮೊದಲು ತಾತ್ಕಾಲಿಕ ಅರ್ಜಿ ಸಲ್ಲಿಸಿ. ಬಹಿರಂಗವಾದ ಮೇಲೆ ಅದು ಹೊಸದೆಂದು ವಾದಿಸುವುದು ಕಷ್ಟ. ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ, ಆ 12 ತಿಂಗಳು ಪರೀಕ್ಷೆಗೇ ಬಳಸಿ. ಕದ್ದುಬಿಡುತ್ತಾರೆ ಎಂಬ ಭಯದಲ್ಲಿ ಯಾರಿಗೂ ತೋರಿಸದೆ ಇಡುವವರನ್ನು ಕಂಡರೆ ಮಾತ್ರ ನನಗೆ ದುಃಖವಾಗುತ್ತದೆ.

ಖಾನಾವಳಿಯ ಕತೆ ಅರ್ಧಕ್ಕೆ ಬಿಟ್ಟೆ. ಆ ದಿನದ ನಂತರ ನಾವು ಒತ್ತುವ ಯಂತ್ರ ಬದಿಗಿಟ್ಟೆವು. ಗಡಿಯಾರ ಹಿಡಿದುಕೊಂಡು ಮೂರು ದಿನ ಆ ಅಡುಗೆಮನೆಯಲ್ಲಿ ಕುಳಿತೆವು. ಒಂದು ರೊಟ್ಟಿ ಬಡಿಯಲು ಅಕ್ಕನಿಗೆ ಮುಕ್ಕಾಲು ನಿಮಿಷ ಸಾಕು. ಇಪ್ಪತ್ತು ರೊಟ್ಟಿಯ ಹಿಟ್ಟು ನಾದಲು ಹತ್ತು ಹನ್ನೆರಡು ನಿಮಿಷ, ಪೂರ್ತಿ ಮೈಭಾರ ಅಂಗೈಯ ಬುಡದ ಮೇಲೆ. ಒಮ್ಮೆಲೇ ಹೆಚ್ಚು ನಾದಿಟ್ಟರೆ ಆರಿ ಜಿಗಿ ಹೋಗುತ್ತದೆ, ಹಾಗಾಗಿ ದಿನಕ್ಕೆ ಹತ್ತಾರು ಸಲ ಇದೇ ಕೆಲಸ. ಪರಿಚಯದವರ ಹಳೆಯ ಗ್ರೈಂಡರ್ ಒಂದನ್ನು ತಂದು, ಅದರ ಗುಂಡು ತೆಗೆದು, ನಾದುವ ತೋಳು ಕೂಡಿಸಿದೆವು. ಕುದಿಯುವ ನೀರನ್ನು ಒಮ್ಮೆಲೇ ಸುರಿದಾಗ ಹಿಟ್ಟು ಗಂಟಾಯಿತು, ಬಿಸಿನೀರು ಕೈಗೆ ಸಿಡಿಯಿತು. ಮೂರು ಸಲಕ್ಕೆ ಹಂಚಿ ಸುರಿದಾಗ ಹಿಟ್ಟು ಕೂಡಿ ಬಂತು. ಅಕ್ಕ ಬೆರಳಿನಿಂದ ಒತ್ತಿ ನೋಡಿದರು, ಒಂದು ಉಂಡಿ ಹರಿದು ಬಡಿದರು, ಅಂಚು ಒಡೆಯಲಿಲ್ಲ. ಏನೂ ಹೇಳಲಿಲ್ಲ. ಒಂಬತ್ತನೆಯ ದಿನ ನಾವು ಹೋಗುವ ಮೊದಲೇ ಅವರು ಅದನ್ನು ಚಾಲೂ ಮಾಡಿಕೊಂಡಿದ್ದರು. ಹೊರಡುವಾಗ ಸೆರಗಿನ ಗಂಟಿನಿಂದ 500 ರೂಪಾಯಿ ತೆಗೆದು ನನ್ನ ಕೈಗಿಟ್ಟು, "ನೆಲದ ಮ್ಯಾಲ ಇಡೂವಂಗ ಗಿಡ್ಡದೊಂದು ಮಾಡಿ ಕೊಡ್ರಿ" ಎಂದರು.

ಅಷ್ಟರಲ್ಲಿ ಮೇ ಬಂತು. ವರದಿ ಬರೆದೆವು, ಒತ್ತುವ ಯಂತ್ರದ ಮೇಲೇ ಬರೆದೆವು, ಯಾಕೆಂದರೆ ವಿಷಯ ನೋಂದಣಿಯಾದದ್ದು ಅದೇ ಹೆಸರಿನಲ್ಲಿ. ಒಳ್ಳೆಯ ಅಂಕ ಬಂತು. ಗ್ರೈಂಡರನ್ನು ಒಡೆಯರಿಗೆ ಮರಳಿಸಿದೆವು. ಜೂನ್ ಕೊನೆಗೆ ಮೂವರೂ ಬೆಂಗಳೂರಿನಲ್ಲಿದ್ದೆವು.

ಹನ್ನೊಂದು ವರ್ಷದ ಮೇಲೆ ಊರಿಗೆ ಮರಳಿ ಬಂದಾಗ ಮೊದಲು ಆ ಖಾನಾವಳಿಗೆ ಹೋದೆ. ಅಕ್ಕನ ಕೂದಲು ನರೆತಿತ್ತು. ಗುರುತು ಹಿಡಿದರು. 500 ರೂಪಾಯಿ ಮುಂದೆ ಹಿಡಿದು, ಮಾಡಿಕೊಡಲಿಲ್ಲ, ತಪ್ಪಾಯಿತು ಎಂದೆ. "ಅದನ್ನ ಇನ್ನೂ ನೆನಪಿಟ್ಟೀಯೇನೋ ತಮ್ಮಾ" ಎಂದು ದುಡ್ಡು ತಗೊಳ್ಳದೆ ಒಳಗೆ ಕರೆದರು. ಮೂಲೆಯಲ್ಲಿ ಪೇಟೆಯಿಂದ ತಂದ ಹಿಟ್ಟು ನಾದುವ ಯಂತ್ರ ಇತ್ತು, ಗೋಧಿ ಹಿಟ್ಟಿಗೆ ಮಾಡಿದ್ದು. ಎಸರು ಸಿಡಿಯದಿರಲೆಂದು ಅದರ ಬಾಯಿಗೆ ಒಂದು ಹಳೆಯ ತಾಟನ್ನು ತೂತು ಕೊರೆದು ತಂತಿಯಿಂದ ಬಿಗಿದಿದ್ದರು. ತೂತಿನ ಮೂಲಕ ಅವರು ನೀರನ್ನು ಮೂರು ಸಲಕ್ಕೆ ಹಂಚಿ ಸುರಿಯುವುದನ್ನು ನೋಡಿದೆ. ಕಾಲು ಕತ್ತರಿಸಿ ಯಂತ್ರವನ್ನು ಗಿಡ್ಡ ಮಾಡಿಸಿದ್ದರು. ತಂತಿ ತುಕ್ಕು ಹಿಡಿದಿತ್ತು, ತಾಟು ಒಂದು ಕಡೆ ಎದ್ದು ಅಲ್ಲಿಂದ ಹಬೆ ಅವರ ಮಣಿಕಟ್ಟಿಗೆ ಬಡಿಯುತ್ತಿತ್ತು.

"ಸುಡೂದಿಲ್ಲೇನ್ರಿ ಅಕ್ಕಾರ?"

"ಸುಡತೈತಿ. ರೂಢಿ ಆಗೇತಿ."

ಕಿಸೆಯಿಂದ ಟೇಪು ತೆಗೆದೆ. ಬಾಯಿ 13 ಇಂಚು, ಅಂಚಿನ ಮಡಿಕೆ ಅರ್ಧ ಇಂಚು. ಮರುದಿನ ಮುಂಜಾನೆ ರಾಯಾಪುರದಲ್ಲಿ ಇಳಿದು ವರ್ಕ್‌ಶಾಪಿನ ಕಡೆ ನಡೆದೆ. ಈ ಸಲ ಕೈಯಲ್ಲಿ ಉಕ್ಕಿನ ಡ್ರಾಯಿಂಗ್ ಇರಲಿಲ್ಲ, ರಟ್ಟಿನಲ್ಲಿ ಕತ್ತರಿಸಿದ ಒಂದು ಮುಚ್ಚಳ ಇತ್ತು. ರಾತ್ರಿಯೇ ಅದನ್ನು ಅಕ್ಕನ ಯಂತ್ರದ ಮೇಲೆ ಎರಡು ಸಲ ಇಟ್ಟು ನೋಡಿ, ತೂತಿನ ಜಾಗ ಪೆನ್ಸಿಲ್ಲಿನಿಂದ ಗುರುತು ಮಾಡಿಕೊಂಡಿದ್ದೆ.